ಗಾಯಾಳು ಸೈನಿಕರಿಗೆ ನಮ್ಮ ಕ್ಲಬ್ಬಿನಿಂದ ಏನು ಮಾಡಬಹುದು? ಗೊತ್ತಿದ್ದವರು ಹೇಳಿ

ಮುಳ್ಳೇರಿಯದವ

ಎಲ್ಲರಿಗೂ ನಮಸ್ಕಾರ. ನಮ್ಮದು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಕಡೆಯ ಒಂದು ಆರ್ಟ್ಸ್ ಆಂಡ್ ಸ್ಪೋರ್ಟ್ಸ್ ಕ್ಲಬ್. 40 ಮಂದಿ ಸದಸ್ಯರು, ಅದರಲ್ಲಿ 11 ಮಂದಿ ಗಲ್ಫಿನಲ್ಲಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ಹೊತ್ತಿಗೆ ಗಾಯಗೊಂಡ ಸೈನಿಕರಿಗಾಗಿ ಏನಾದರೂ ಮಾಡಬೇಕೆಂದು ಮಹಾಸಭೆಯಲ್ಲಿ ತೀರ್ಮಾನ ಆಗಿದೆ. ಮಿಲಿಟರಿ ಆಸ್ಪತ್ರೆಗೆ 50 ಪೊಟ್ಟಣ ಕಳಿಸುವುದು ಸದ್ಯದ ಯೋಚನೆ: ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಮಾಂಬಳ (ಒಣಗಿಸಿದ ಮಾವಿನ ರಸದ ಹಾಳೆ), ಶಾಲೆ ಮಕ್ಕಳು ಬರೆದ ಕಾರ್ಡು. ಒಂದು ತಾಳಮದ್ದಳೆ ಇಟ್ಟು ಹಣ ಒಟ್ಟು ಮಾಡುವ ಮಾತೂ ಉಂಟು. ಹೊಲಿಗೆ ಗೊತ್ತಿರುವ ಕುಟುಂಬಶ್ರೀಯ (ಕೇರಳದ ಮಹಿಳಾ ಸ್ವಸಹಾಯ ಸಂಘ) ಅಕ್ಕಂದಿರು ಆರು ಮಂದಿ ಕೈಜೋಡಿಸುತ್ತೇವೆ ಎಂದಿದ್ದಾರೆ.

ಇನ್ನೊಂದು ವಿಷಯ. ಪಕ್ಕದ ವಾರ್ಡಿನ ಜವಾನರೊಬ್ಬರು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿದ್ದಾರೆ, ಮುಂದಿನ ತಿಂಗಳು ಮನೆಗೆ ಬರುತ್ತಾರೆ. ಬಸ್‌ಸ್ಟ್ಯಾಂಡಿನಿಂದ ಮೆರವಣಿಗೆ, ಶಾಲೆ ಮೈದಾನದಲ್ಲಿ ಸನ್ಮಾನ ಎಂದು ಮಾತಾಗಿದೆ. ಎಲ್ಲದಕ್ಕೂ ಸಲಹೆ ಬೇಕು.

ಶುಶ್ರೂಷೆ ಕುಂಬಳೆ

ಮೊದಲು ಆಸ್ಪತ್ರೆ ಯಾವುದೆಂದು ಗೊತ್ತು ಮಾಡಿಕೊಳ್ಳಿ. ನಮಗೆ ಹತ್ತಿರ ಇರುವುದು ಕಣ್ಣೂರಿನ ಮಿಲಿಟರಿ ಆಸ್ಪತ್ರೆ ಮತ್ತು ಏಳಿಮಲೆಯ ನೌಕಾಪಡೆಯ ಆಸ್ಪತ್ರೆ. ಆದರೆ ಕೈಕಾಲು ಕಳೆದುಕೊಂಡವರು, ಬೆನ್ನುಹುರಿ ತುಂಡಾದವರು ತಿಂಗಳುಗಟ್ಟಲೆ ಇರುವುದು ಬೇರೆ ಕಡೆ. ಪುಣೆಯಲ್ಲಿ 1944ರಿಂದ ಕೃತಕ ಅಂಗ ಕೇಂದ್ರ ಉಂಟು. ಅಲ್ಲೇ ಖಡ್ಕಿಯಲ್ಲಿ 1974ರಲ್ಲಿ ಶುರುವಾದ ಪ್ಯಾರಾಪ್ಲೆಜಿಕ್ (ಬೆನ್ನುಹುರಿ ಪೆಟ್ಟಿನಿಂದ ಕಾಲಿನ ಸ್ವಾಧೀನ ಹೋದವರ) ಪುನರ್ವಸತಿ ಕೇಂದ್ರ ಮತ್ತು ಅಂಗವಿಕಲ ಸೈನಿಕರಿಗೆ ಕಸುಬು ಕಲಿಸುವ, 1917ರಷ್ಟು ಹಳೆಯ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಇವೆ. ಪ್ಯಾರಾಪ್ಲೆಜಿಕ್ ಕೇಂದ್ರ ಮೊಹಾಲಿಯಲ್ಲೂ ಒಂದಿದೆ. ವಾರ್ಡಿನ ರೋಗಿಗೆ ಬೇಕಾದದ್ದೇ ಬೇರೆ, ವರ್ಷಗಟ್ಟಲೆ ಕೇಂದ್ರದಲ್ಲೇ ಬದುಕುವವರಿಗೆ ಬೇಕಾದದ್ದೇ ಬೇರೆ. ಖಡ್ಕಿಯಲ್ಲಿ ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೆಯುವವರಿದ್ದಾರೆ, ಗಾಲಿಕುರ್ಚಿಯಲ್ಲೇ ಬ್ಯಾಸ್ಕೆಟ್‌ಬಾಲ್ ಆಡುವವರಿದ್ದಾರೆ. 1965ರ ಯುದ್ಧದಲ್ಲಿ ಗುಂಡು ತಗಲಿದ ಮುರಳೀಕಾಂತ್ ಪೇಟ್ಕರ್ 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸಿನಲ್ಲಿ 50 ಮೀಟರ್ ಈಜಿಗೆ ಚಿನ್ನ ಗೆದ್ದದ್ದು ಎಲ್ಲರಿಗೂ ಗೊತ್ತು. ಇಂಥವರಿಗೆ ತಿಂಡಿ ಪೊಟ್ಟಣಕ್ಕಿಂತ ಬಣ್ಣ, ಕ್ಯಾನ್ವಾಸ್, ಆಟದ ಸಾಮಾನು ಎಷ್ಟೋ ಉಪಯೋಗ. ಯಾವ ಬಗೆಯದು ಬೇಕೆಂದು ಅವರನ್ನೇ ಕೇಳಿ ತೆಗೆದುಕೊಳ್ಳಿ.

ನಿಮ್ಮ ಪೊಟ್ಟಣದ ಬಗ್ಗೆ ನೇರವಾಗಿ ಹೇಳ್ತೇನೆ, ಬೇಸರ ಬೇಡ. ಹಪ್ಪಳವನ್ನು ವಾರ್ಡಿನಲ್ಲಿ ಕರಿದು ಕೊಡುವವರು ಯಾರೂ ಇಲ್ಲ. ತೆಂಗಿನೆಣ್ಣೆಯಲ್ಲಿ ಕರಿದ ಚಿಪ್ಸ್ ಕಟ್ಟು ಸಡಿಲವಾದರೆ ದಾರಿಯಲ್ಲೇ ಕಮಟು ಹಿಡಿಯುತ್ತದೆ, ಎಣ್ಣೆ ಇಳಿದು ಒಳಗಿನ ಕಾರ್ಡುಗಳೂ ಹಾಳು. ಮಾಂಬಳ ಸಕ್ಕರೆ ಕಾಯಿಲೆಯವರಿಗೆ ಆಗುವುದಿಲ್ಲ. ಆಸ್ಪತ್ರೆಯ ಊಟ ಒಬ್ಬೊಬ್ಬರ ಡಯಟ್ ಚೀಟಿ ಪ್ರಕಾರ ನಡೆಯುವಂಥದ್ದು. ಹೊರಗಿನ ತಿಂಡಿಯನ್ನು ಗೇಟಿನಲ್ಲೇ ಇಟ್ಟುಕೊಂಡರೆ ಅದರಲ್ಲಿ ಅಗೌರವ ಏನೂ ಇಲ್ಲ. ಹೂವನ್ನೂ ಒಯ್ಯಬೇಡಿ. ಸುಟ್ಟಗಾಯದವರು, ಹೊಸ ಆಪರೇಶನ್ ಆದವರು ಇರುವಲ್ಲಿ ಅದು ಸೋಂಕಿನ ಮೂಲ.

ಹೋಗಿ ಭೇಟಿ ಮಾಡುವುದಾದರೆ ಕನಿಷ್ಠ ಒಂದು ತಿಂಗಳು ಮೊದಲು ಆಸ್ಪತ್ರೆಯ ಕಮಾಂಡಂಟರಿಗೆ ಪತ್ರ ಹೋಗಬೇಕು. ಬರುವವರ ಹೆಸರು, ಗುರುತಿನ ಚೀಟಿಯ ಪ್ರತಿ, ಎರಡು ಬದಲಿ ದಿನಾಂಕ, ತರುವ ವಸ್ತುಗಳ ಪಟ್ಟಿ ಎಲ್ಲ ಅದರಲ್ಲಿರಲಿ. ವಿದ್ಯಾನಗರದ ಸಿವಿಲ್ ಸ್ಟೇಶನಿನಲ್ಲಿ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯವರನ್ನು ಕಂಡು ಅವರ ಮೂಲಕ ಪತ್ರ ಕಳಿಸಿದರೆ ಉತ್ತರ ಬೇಗ ಬರುತ್ತದೆ. ಆ ಕಚೇರಿಗೆ ಅರ್ಜಿ ಕನ್ನಡದಲ್ಲೇ ಬರೆಯಬಹುದು, ಭಾಷಾ ಅಲ್ಪಸಂಖ್ಯಾತರಿಗೆ ಕಾನೂನು ಕೊಟ್ಟ ಹಕ್ಕು ಅದು. ಪುಣೆಗೆ ಹೋಗುವ ಪತ್ರ ಮಾತ್ರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಲಿ. ಹೋಗುವವರು ಆರೇಳು ಮಂದಿ ಸಾಕು. ಫೋಟೋ ಬೇಡ, ಪಡೆಯ ಹೆಸರು, ಗಾಯವಾದ ಜಾಗ ಯಾವುದನ್ನೂ ವಾಟ್ಸಾಪಿನಲ್ಲಿ ಹಾಕಬೇಡಿ. "ಹೇಗಾಯ್ತು?" ಎಂದು ಕೇಳಬೇಡಿ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. "ಪಾಪ" ಎನ್ನುವ ಶಬ್ದ ಬಾಯಿಗೆ ಬಾರದ ಹಾಗೆ ನೋಡಿಕೊಳ್ಳಿ.

ಮಕ್ಕಳ ಕಾರ್ಡು ಖಂಡಿತ ಕಳಿಸಿ, ಜನ ಅದನ್ನು ವರ್ಷಗಟ್ಟಲೆ ತೆಗೆದಿಡುತ್ತಾರೆ. ಆದರೆ ಓದುವವರು ಹಿಮಾಚಲದವರಿರಬಹುದು, ನಾಗಾಲ್ಯಾಂಡಿನವರಿರಬಹುದು. ಕನ್ನಡದ ಕೆಳಗೆ ಎರಡು ಸಾಲು ಹಿಂದಿ ಇರಲಿ, ಒಂದು ಚಿತ್ರವೂ ಇರಲಿ. ಮಿನುಗುವ ಪುಡಿ ಉದುರಿ ಹಾಸಿಗೆ ಮೇಲೆ, ಗಾಯದ ಪಟ್ಟಿ ಮೇಲೆ ಬೀಳುತ್ತದೆ, ಅದು ಬೇಡ. "ಬೇಗ ಎದ್ದು ಓಡಾಡುವ ಹಾಗಾಗಲಿ" ಎಂದು ಮಾತ್ರ ಬರೆಸಬೇಡಿ. ಎದ್ದು ಓಡಾಡಲಾಗದವರೂ ಅದನ್ನು ಓದುತ್ತಾರೆ. ಅಡಿಕೆ ಒಣಹಾಕಿದ ಅಂಗಳ, ಶಾಲೆಯ ಎದುರಿನ ಹೊಳೆ, ಮಳೆಗೆ ಸಿಕ್ಕಿದ ರಜೆ, ಇಂಥದ್ದು ಬರೆಯಲಿ. ವಿಳಾಸ ಶಾಲೆಯದ್ದು ಮಾತ್ರ ಇರಬೇಕು, ಮನೆಯದ್ದೂ ಬೇಡ, ಫೋನ್ ನಂಬರೂ ಬೇಡ.

ಸೂಜಿನೂಲು

ಆರು ಮಂದಿ ಹೊಲಿಯುವವರಿದ್ದಾರಲ್ಲ, ನಿಮ್ಮ ಹತ್ತಿರ ಇರುವ ದೊಡ್ಡ ಬಂಡವಾಳ ಅದೇ. ಕಾಲಿನ ಮೂಳೆ ಚೂರಾದವರಿಗೆ ಹೊರಗಿನಿಂದ ಉಕ್ಕಿನ ಬಳೆ, ಸರಳು ಹಾಕಿ ಪಿನ್ನುಗಳನ್ನು ಮೂಳೆಗೆ ಇಳಿಸಿರುತ್ತಾರೆ. ತಿಂಗಳುಗಟ್ಟಲೆ ಅದು ಹಾಗೇ ಇರಬೇಕು. ಅದರ ಮೇಲೆ ಮಾಮೂಲಿ ಪ್ಯಾಂಟೂ ಹೋಗುವುದಿಲ್ಲ, ಚಡ್ಡಿಯೂ ಹೋಗುವುದಿಲ್ಲ. ಸೊಂಟಕ್ಕೆ ಬೆಡ್‌ಶೀಟ್ ಸುತ್ತಿಕೊಂಡು ಫಿಸಿಯೋಥೆರಪಿಗೆ ಹೋಗುವುದು ದೊಡ್ಡ ಮುಜುಗರ. ಬದಿ ಬಿಚ್ಚಿಕೊಳ್ಳುವ ಚಡ್ಡಿ ಹೊಲಿದು ಕೊಡಿ.

ಬಟ್ಟೆ ಹತ್ತಿಯ ಪಾಪ್ಲಿನ್, 44 ಇಂಚು ಪನ್ನ (ಅಗಲ), ಒಂದಕ್ಕೆ ಒಂದೂವರೆ ಮೀಟರ್. ಕತ್ತರಿಸುವ ಮೊದಲು ಬಿಸಿನೀರಿನಲ್ಲಿ ಒಮ್ಮೆ ಒಗೆದು ಒಣಗಿಸಲೇಬೇಕು, ಇಲ್ಲದಿದ್ದರೆ ಆಸ್ಪತ್ರೆಯ ಮೊದಲ ಒಗೆತಕ್ಕೇ ಕುಗ್ಗಿ ಬಿಗಿಯಾಗುತ್ತದೆ. ಎರಡೂ ಬದಿಯ ಹೊಲಿಗೆಯನ್ನು ಸೊಂಟದಿಂದ ಅಂಚಿನವರೆಗೆ ಹೊಲಿಯದೆ ಬಿಡಿ. ಮುಂದಿನ ಭಾಗ ಹಿಂದಿನದರ ಮೇಲೆ 5 ಸೆಂಟಿಮೀಟರ್ ಹಾಯ್ದು ಕೂರುವಷ್ಟು ಬಟ್ಟೆ ಹೆಚ್ಚಿಗೆ ಇಟ್ಟುಕೊಂಡು ವೆಲ್ಕ್ರೋದಿಂದ ಮುಚ್ಚುವುದು. ವೆಲ್ಕ್ರೋ ಒಂದಿಂಚು ಅಗಲದ್ದು. ಉದ್ದಕ್ಕೂ ಒಂದೇ ಪಟ್ಟಿ ಹಾಕಿದರೆ ಬಟ್ಟೆ ಸೆಟೆದು ನಿಲ್ಲುತ್ತದೆ, ಒಂದು ಕೈ ಸರಿ ಇಲ್ಲದವರಿಗೆ ಎಳೆದು ಬಿಚ್ಚಲಿಕ್ಕೂ ಆಗುವುದಿಲ್ಲ. 5 ಸೆಂಟಿಮೀಟರಿನ ತುಂಡುಗಳನ್ನು 10 ಸೆಂಟಿಮೀಟರಿಗೊಂದರಂತೆ ಇಡಿ. ಹೆಚ್ಚಿನವರು ತಪ್ಪುವುದು ಇನ್ನೊಂದು ಕಡೆ: ವೆಲ್ಕ್ರೋದ ಒರಟು ಬದಿ ಯಾವಾಗಲೂ ಕೆಳಗಿನ ಪದರದ ಮೇಲೆ, ಹೊರಗೆ ಮುಖ ಮಾಡಿ ಇರಬೇಕು. ಮೇಲಿನ ಪದರಕ್ಕೆ ಮೆದು ಬದಿ. ಉಲ್ಟಾ ಹೊಲಿದರೆ ಬಿಚ್ಚಿದಾಗಲೆಲ್ಲ ಚರ್ಮಕ್ಕೆ, ಗಾಯದ ಪಟ್ಟಿಗೆ ಗೀರುತ್ತದೆ. ಒಗೆಯುವಾಗ ಮುಚ್ಚಿಯೇ ಒಗೆಯಬೇಕೆಂದು ಒಂದು ಚೀಟಿ ಹಿಂದಿಯಲ್ಲಿ ಬರೆದು ಸೊಂಟಪಟ್ಟಿಗೆ ಹೊಲಿದುಬಿಡಿ, ಬಿಚ್ಚಿಟ್ಟು ಒಗೆದರೆ ನೂಲು ತುಂಬಿ ಹಿಡಿತ ಹೋಗುತ್ತದೆ.

ಸೊಂಟಕ್ಕೆ ಎಲಾಸ್ಟಿಕ್ ಬೇಡ, ಮುಂದೆ ಕಟ್ಟುವ ಲಾಡಿ ಸಾಕು. ಕಡುಬಣ್ಣದ ಬಟ್ಟೆ ತೆಗೆದುಕೊಳ್ಳಬೇಡಿ, ಪಿನ್ ಹೊಕ್ಕ ಜಾಗದಿಂದ ಕೀವು ಸೋರಿದರೆ ನರ್ಸಿಗೆ ಕೂಡಲೇ ಕಾಣಬೇಕು. ಬೆನ್ನುಹುರಿ ಗಾಯದವರಿಗೆ ಹೊಲಿಯುವ ಪ್ಯಾಂಟಿಗೆ ಹಿಂದಿನ ಜೇಬು ಇಡಲೇಬಾರದು. ಸ್ಪರ್ಶ ಇಲ್ಲದ ಚರ್ಮ. ಜೇಬಿನ ಮಡಿಕೆ, ಗುಂಡಿ, ದಪ್ಪ ಹೊಲಿಗೆ ಒತ್ತಿದ್ದು ಅವರಿಗೆ ಗೊತ್ತಾಗುವುದಿಲ್ಲ, ಸಂಜೆಗೆ ನೋಡಿದರೆ ಹುಣ್ಣಿನ ಗುರುತು ಬಿದ್ದಿರುತ್ತದೆ. ಮೊದಲು ಎರಡೇ ಹೊಲಿದು ಮಾದರಿಗೆ ಕಳಿಸಿ, ಆಸ್ಪತ್ರೆಯವರು ಒಪ್ಪಿದ ಮೇಲೆ ಉಳಿದದ್ದು.

ಲೆಕ್ಕಪತ್ರ ಉಪ್ಪಳ

ಹಣದ ವಿಷಯ. ಸೇನೆ, ನೌಕಾಪಡೆ, ವಾಯುಪಡೆಯಲ್ಲಿ ಹುತಾತ್ಮರಾದವರ ಕುಟುಂಬಕ್ಕೆ, ಅಂಗವಿಕಲರಾದವರಿಗೆ ಆರ್ಮ್ಡ್ ಫೋರ್ಸಸ್ ಬ್ಯಾಟಲ್ ಕ್ಯಾಶುವಾಲ್ಟೀಸ್ ವೆಲ್ಫೇರ್ ಫಂಡ್ ಉಂಟು. ಅದಕ್ಕೆಂದೇ 2022ರ ಅಕ್ಟೋಬರಿನಲ್ಲಿ "ಮಾ ಭಾರತಿ ಕೇ ಸಪೂತ್" ಜಾಲತಾಣ ಶುರುವಾದದ್ದು. ಸಿಆರ್‌ಪಿಎಫ್, ಬಿಎಸ್‌ಎಫ್‌ನವರದ್ದು ಬೇರೆ, ಅದು ಗೃಹ ಇಲಾಖೆಯ "ಭಾರತ್ ಕೇ ವೀರ್", 2017ರದ್ದು. ಈ ಎರಡನ್ನು ಗಲಿಬಿಲಿ ಮಾಡಿಕೊಳ್ಳುವವರು ತುಂಬ. ಡಿಸೆಂಬರ್ 7ರ ಧ್ವಜ ದಿನ 1949ರಿಂದ ನಡೆದುಬಂದದ್ದು. ಅದರ ಕೆಂಪು, ಕಡುನೀಲಿ, ತಿಳಿನೀಲಿ ಧ್ವಜಗಳನ್ನು ಜಿಲ್ಲಾ ಸೈನಿಕ ಕಚೇರಿಯಿಂದಲೇ ತಂದು, ಒಟ್ಟಾದ ಹಣವನ್ನು ಅಲ್ಲಿಗೇ ಕಟ್ಟಿ ರಸೀದಿ ತೆಗೆದುಕೊಳ್ಳಿ. ನೀವಾಗಿ ಧ್ವಜ ಅಚ್ಚು ಹಾಕಿಸಬೇಡಿ.

ನಿಮ್ಮ ಕ್ಲಬ್ಬಿಗೆ 80ಜಿ ನೋಂದಣಿ ಇಲ್ಲದಿದ್ದರೆ ನಿಮ್ಮ ರಸೀದಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ದೊಡ್ಡ ಮೊತ್ತ ಕೊಡುವವರು ನೇರ ಆ ನಿಧಿಗೇ ಕಟ್ಟಲಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೂ ವಿನಾಯಿತಿ ಇಲ್ಲ, ಬಟ್ಟೆ, ಸಾಮಾನು ಕೊಟ್ಟದ್ದಕ್ಕೂ ಇಲ್ಲ.

ಗಲ್ಫಿನ 11 ಮಂದಿಯ ಬಗ್ಗೆ ಜಾಗ್ರತೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಸಂಘಟನೆಯೊಂದು ಒಟ್ಟು ಮಾಡಿ ತನ್ನ ಖಾತೆಯಿಂದ ಕ್ಲಬ್ಬಿಗೆ ಹಾಕಿದರೆ, ಇಲ್ಲವೇ ವಿದೇಶದ ಪೌರತ್ವ ಪಡೆದವರು ಕಳಿಸಿದರೆ, ಅದು ವಿದೇಶಿ ದೇಣಿಗೆಯೇ. ಅದಕ್ಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಬೇಕು. ಒಬ್ಬೊಬ್ಬರೂ ತಮ್ಮ ತಮ್ಮ ಖಾತೆಯಿಂದ ಕಳಿಸಲಿ. ವಾಟ್ಸಾಪಿನಲ್ಲಿ ಬರುವ ಖಾತೆ ನಂಬರು, ಕ್ಯೂಆರ್ ಕೋಡಿಗೆ ಹಣ ಹಾಕಬೇಡಿ. ಜಾಲತಾಣದ ವಿಳಾಸವನ್ನು ಸೈನಿಕ ಕಚೇರಿಯಲ್ಲೇ ಕೇಳಿ ಬರೆದುಕೊಳ್ಳಿ.

ಮುರಕಲ್ಲು

ಊರಿಗೆ ಬರುವ ಜವಾನರ ಬಗ್ಗೆ ಯಾರೂ ಹೇಳಿಲ್ಲ. ನನ್ನ ಮಟ್ಟಿಗೆ ನಿಮ್ಮ ಕ್ಲಬ್ಬಿನ ಮೊದಲ ಕೆಲಸ ಅದೇ. ಪುಣೆಗೆ ಪೊಟ್ಟಣ ತಡವಾದರೂ ನಡೆಯುತ್ತದೆ, ಅವರು ಬರುವ ದಿನ ಮನೆಯೊಳಗೆ ಹೋಗಲಾಗದಿದ್ದರೆ ನಡೆಯುವುದಿಲ್ಲ.

ಗಾಲಿಕುರ್ಚಿ ಜಗಲಿಗೆ ಹತ್ತಲು ಇಳಿಜಾರು ದಾರಿ ಕಟ್ಟಬೇಕು. ಅದರ ಲೆಕ್ಕ ಒಂದಕ್ಕೆ ಹನ್ನೆರಡು. ಜಗಲಿ 45 ಸೆಂಟಿಮೀಟರ್ ಎತ್ತರ ಇದ್ದರೆ ಇಳಿಜಾರು 5.4 ಮೀಟರ್ ಉದ್ದ ಬೇಕು, 60 ಇದ್ದರೆ 7.2. ಅಂಗಳದಲ್ಲಿ ಅಷ್ಟು ಜಾಗ ಇಲ್ಲವೆಂದು ಕಡಿದಾಗಿ ಮಾಡುವವರೇ ಹೆಚ್ಚು. ಆಗ ಹತ್ತುವಾಗ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಜಾಗ ಇಲ್ಲದಿದ್ದರೆ ಮಧ್ಯದಲ್ಲಿ ಒಂದೂವರೆ ಮೀಟರ್ ಚೌಕದ ಸಮತಟ್ಟು ಕೊಟ್ಟು ತಿರುಗಿಸಿ. ಅಗಲ 120 ಸೆಂಟಿಮೀಟರ್, ಎರಡೂ ಅಂಚಿಗೆ ನಾಲ್ಕಿಂಚಿನ ದಿಂಡು, ಕೈಹಿಡಿ 90 ಸೆಂಟಿಮೀಟರ್ ಎತ್ತರದಲ್ಲಿ.

ಒಳಗೆ ಮುರಕಲ್ಲಿನ (ಕೆಂಪುಕಲ್ಲು) ಚೂರು ತುಂಬಿ ಅರ್ಧರ್ಧ ಅಡಿಗೆ ನೀರು ಹೊಯ್ದು ಗುದ್ದಬೇಕು. ಬರೀ ಮಣ್ಣು ತುಂಬಿದರೆ ಜೂನಿನ ಮಳೆಗೆ ಕುಸಿದು ಹೊಸ್ತಿಲ ಹತ್ತಿರ ಎರಡು ಬೆರಳು ಎತ್ತರದ ಮೆಟ್ಟಿಲು ಆಗುತ್ತದೆ, ಮುಂದಿನ ಸಣ್ಣ ಚಕ್ರ ಅಲ್ಲೇ ಸಿಕ್ಕಿಕೊಂಡು ಕೂತವರು ಮುಂದಕ್ಕೆ ಬೀಳುತ್ತಾರೆ. ಮೇಲೆ ನಾಲ್ಕಿಂಚು ಕಾಂಕ್ರೀಟ್. ಹಸಿ ಇರುವಾಗಲೇ ಕಡ್ಡಿಹಿಡಿಯಿಂದ (ಕಡ್ಡಿ ಪೊರಕೆ) ಅಡ್ಡಡ್ಡ ಗೆರೆ ಎಳೆಯಿರಿ. ನುಣುಪು ಟೈಲ್ಸ್, ಗ್ರಾನೈಟ್ ಬೇಡ. ಗೋಣಿ ಹಾಸಿ ಏಳು ದಿನ ನೀರು ಕುಡಿಸಿ. ಮಳೆಗಾಲದಲ್ಲಿ ಪಾಚಿ ಕಟ್ಟುವುದು ಗ್ಯಾರಂಟಿ, ಮೇಲೆ ಶೀಟ್ ಹಾಕಿ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಲು ಕ್ಲಬ್ಬಿನ ಹುಡುಗರಲ್ಲಿ ಸರದಿ ಮಾಡಿ. ತಾತ್ಕಾಲಿಕಕ್ಕೆಂದು ಅಡಿಕೆ ಮರದ ಸಲಾಕೆ ಜೋಡಿಸುವುದಂತೂ ಬೇಡವೇ ಬೇಡ, ಒದ್ದೆಯಾದರೆ ಸೋಪಿನ ಹಾಗೆ ಜಾರುತ್ತದೆ.

ಬಚ್ಚಲಲ್ಲಿ ಕಮೋಡಿನ ಆಸನ 45ರಿಂದ 48 ಸೆಂಟಿಮೀಟರ್ ಎತ್ತರ, ಒಂದು ಬದಿಯಲ್ಲಿ ಕುರ್ಚಿ ತಂದು ನಿಲ್ಲಿಸಲು 90 ಸೆಂಟಿಮೀಟರ್ ಖಾಲಿ ಜಾಗ, ಬಾಗಿಲು ಹೊರಗೆ ತೆರೆಯಬೇಕು. ನಮ್ಮ ಕಡೆ ಹಂಡೆಯ ನೀರು ಕುದಿಯುತ್ತಲೇ ಇರುತ್ತದೆ. ಸ್ಪರ್ಶ ಇಲ್ಲದ ಕಾಲಿಗೆ ಒಂದು ಚೊಂಬು ಬಿದ್ದರೆ ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ, ಮೊಣಕೈ ಅದ್ದಿ ನೋಡಿ ಸ್ನಾನ. ಇದನ್ನು ಮನೆಯವರಿಗೆ ಇವತ್ತೇ ಹೇಳಿ.

ಶುಶ್ರೂಷೆ ಕುಂಬಳೆ

ಮುರಕಲ್ಲು ಅಣ್ಣ ಹೇಳಿದ್ದಕ್ಕೆ ಸನ್ಮಾನದ ಬಗ್ಗೆಯೂ ಸೇರಿಸುತ್ತೇನೆ. ತೆರೆದ ಜೀಪಿನ ಮೆರವಣಿಗೆ ಬೇಡ. ಬೆನ್ನುಹುರಿ ಗಾಯದವರು ಕುರ್ಚಿಯಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಕೈಯೂರಿ ಮೈ ಎತ್ತಬೇಕು ಅಥವಾ ಬದಿಗೆ ವಾಲಬೇಕು, ಇಲ್ಲದಿದ್ದರೆ ಒತ್ತುಹುಣ್ಣು. ಅಂಥ ಒಂದು ಹುಣ್ಣು ತಿಂಗಳುಗಟ್ಟಲೆ ಕವುಚಿ ಮಲಗಿಸುತ್ತದೆ. ವೇದಿಕೆ ಮೇಲೆ ಹತ್ತು ಮಂದಿಯ ಭಾಷಣ ಮುಗಿಯುವವರೆಗೆ ಕೂರಿಸಬೇಡಿ, 20 ನಿಮಿಷದ ಕಾರ್ಯಕ್ರಮ ಸಾಕು. ಮೂತ್ರದ ಚೀಲ ಖಾಲಿ ಮಾಡಲು ಹತ್ತಿರದಲ್ಲೇ ಮರೆಯ ಜಾಗ ಇರಲಿ. ನಾಲ್ಕು ಜನ ಕುರ್ಚಿ ಸಮೇತ ಎತ್ತಿ ವೇದಿಕೆಗೆ ಏರಿಸುವುದು ಅಪಾಯ: ಕೈತಾಂಗು, ಕಾಲುತಾಂಗು ಕಳಚಿ ಕೈಗೇ ಬರುತ್ತವೆ. ವೇದಿಕೆಯೇ ಬೇಡ, ಎಲ್ಲರೂ ನೆಲದ ಮಟ್ಟದಲ್ಲೇ ಇರಿ. ಇಷ್ಟಕ್ಕೂ ಸನ್ಮಾನ ಬೇಕೋ ಬೇಡವೋ ಎಂದು ಅವರನ್ನು ಕೇಳಿದ್ದೀರಾ?

ರಕ್ತದಾನ ಶಿಬಿರದ ಯೋಚನೆ ಬಂದರೆ, ಒಂದೇ ದಿನ ನೂರಿನ್ನೂರು ಯೂನಿಟ್ ಬೇಡ. ಸಾಮಾನ್ಯ ಚೀಲದ ರಕ್ತ 35 ದಿನ ಇಡಬಹುದಷ್ಟೆ. ಬ್ಲಡ್ ಬ್ಯಾಂಕಿನವರು ಹೇಳಿದ ಹಾಗೆ ಸರದಿಯಲ್ಲಿ ಕೊಡಿ. ಗಂಡಸರಿಗೆ 90, ಹೆಂಗಸರಿಗೆ 120 ದಿನದ ಅಂತರ ಇರಬೇಕು.

ಮುಳ್ಳೇರಿಯದವ

ಎಲ್ಲರಿಗೂ ಉಪಕಾರ. ಅವರನ್ನು ಕೇಳಿರಲಿಲ್ಲ, ಈಗ ಫೋನಿನಲ್ಲಿ ಕೇಳಿದೆವು. ಮೆರವಣಿಗೆ ಬೇಡ, ಮನೆಯಲ್ಲೇ ಸಿಗುವ ಎಂದರು. ಹಪ್ಪಳ ಚಿಪ್ಸ್ ಕೈಬಿಟ್ಟಿದ್ದೇವೆ. ಮನೆ ಅಳತೆ ಮಾಡಿ ಆಯ್ತು: ಜಗಲಿ 52 ಸೆಂಟಿಮೀಟರ್, ಎದುರು ಬಾಗಿಲು 92, ಆದರೆ ಮಲಗುವ ಕೋಣೆಯ ಬಾಗಿಲು 74 ಮಾತ್ರ. ಹಳೇ ಮರದ ದಾರಂದ (ಬಾಗಿಲ ಚೌಕಟ್ಟು), ಒಡೆಯಲಿಕ್ಕೆ ಮನೆಯವರಿಗೆ ಮನಸ್ಸಿಲ್ಲ.

ಮುರಕಲ್ಲು

52ಕ್ಕೆ 6.24 ಮೀಟರ್ ಇಳಿಜಾರು. ದಾರಂದ ಒಡೆಯಬೇಡಿ. 74 ಅನ್ನುವುದು ದಾರಂದದ ಒಳಗಿನ ಅಳತೆ ತಾನೆ? ಬಾಗಿಲು ತೆರೆದಾಗ ಅದರ ಹಲಗೆಯೇ ಮೂರು ನಾಲ್ಕು ಸೆಂಟಿಮೀಟರ್ ನುಂಗುತ್ತದೆ. ಹಲಗೆ ಕಳಚಿ ಅಟ್ಟದಲ್ಲಿಟ್ಟು ದಪ್ಪ ಪರದೆ ಹಾಕಿ, ಪೂರ್ತಿ 74 ಸಿಗುತ್ತದೆ. ಅವರ ಕುರ್ಚಿಯ ಅಗಲವನ್ನು ಹಿಂದಿನ ಎರಡು ಚಕ್ರಗಳ ಹೊರಗಿನ ಕೈಬಳೆಯಿಂದ ಕೈಬಳೆಗೆ ಅಳೆದು ಕಳಿಸಲು ಹೇಳಿ. 64ರ ಒಳಗೆ ಇದ್ದರೆ ನೇರ ಹೋಗುವಾಗ ಬೆರಳಿನ ಗೆಣ್ಣು ತಾಗದೆ ದಾಟಬಹುದು. ಕೋಣೆಯ ಎದುರು ಕಿರಿದಾದ ನಡೆ ಇದ್ದು ಅಡ್ಡ ತಿರುಗಿ ಒಳಗೆ ಹೋಗಬೇಕಾದರೆ 74 ಸಾಲದು, ಆಗ ಮಂಚವನ್ನು ಚಾವಡಿಗೆ ತನ್ನಿ. ಹೊಸ್ತಿಲು ಎಷ್ಟು ಎತ್ತರ ಉಂಟೆಂದು ಬರೆದಿಲ್ಲ, ಅದನ್ನೂ ಅಳೆದು ಹಾಕಿ.