509ನೇ ಫೋಟೋ ಇಲ್ಲ ಅನ್ನೋದು ನಿಜವಾಗ್ಲೂ ಅಷ್ಟು ದೊಡ್ಡ ಸಾಕ್ಷಿನಾ? (ಪನಾಮಾ, 2014)

ನಿದ್ದೆಗೆಟ್ಟವ:

ಕ್ರಿಸ್ ಕ್ರೆಮರ್ಸ್, ಲಿಸಾನ್ ಫ್ರೂನ್ ಕೇಸ್ ಓದಿರೋರು ಯಾರಾದ್ರೂ ಇದ್ದೀರಾ? ಎರಡು ವಾರದಿಂದ ಇದ್ರಲ್ಲೇ ಬಿದ್ದಿದೀನಿ, ಮಲಗಿದ್ರೂ ಅದೇ ಕಾಡು ಅದೇ ಬಂಡೆ ಕಣ್ಮುಂದೆ ಬರುತ್ತೆ.

ಗೊತ್ತಿಲ್ಲದೋರಿಗೆ ಚುಟುಕಾಗಿ ಹೇಳ್ಬಿಡ್ತೀನಿ. ಇಬ್ರೂ ನೆದರ್ಲ್ಯಾಂಡ್ಸ್‌ನ ಹುಡುಗೀರು, ಒಬ್ಳಿಗೆ 21 ಇನ್ನೊಬ್ಳಿಗೆ 22, ಸ್ಪ್ಯಾನಿಷ್ ಕಲಿಯೋಕೆ, ಮಕ್ಕಳ ಜೊತೆ ಸ್ವಯಂಸೇವೆ ಮಾಡೋಕೆ ಅಂತ ಪನಾಮಾದ ಬೊಕೆಟೆ ಊರಿಗೆ ಬಂದೋರು. 2014ರ ಏಪ್ರಿಲ್ 1ಕ್ಕೆ ಎಲ್ ಪಿಯಾನಿಸ್ಟಾ ಅನ್ನೋ ಬೆಟ್ಟದ ದಾರಿಗೆ ಹೋದ್ರು, ವಾಪಸ್ ಬರಲೇ ಇಲ್ಲ. ಸುಮಾರು ಹತ್ತು ವಾರ ಆದ್ಮೇಲೆ ಬೆಟ್ಟದ ಆಚೆ ಕಡೆ, ಆಲ್ಟೋ ರೊಮೆರೊ ಹತ್ರ, ನದಿ ದಂಡೆಲಿ ಲಿಸಾನ್‌ಳ ನೀಲಿ ಬ್ಯಾಗ್ ಅಲ್ಲಿನ ಒಬ್ಬ ಹೆಂಗಸಿಗೆ ಸಿಕ್ತು. ಒಳಗೆ ಎರಡು ಫೋನ್, ಕ್ಯಾಮೆರಾ, ಪಾಸ್‌ಪೋರ್ಟ್, 83 ಡಾಲರ್ ದುಡ್ಡು, ಎರಡು ಕೂಲಿಂಗ್ ಗ್ಲಾಸ್ ಎಲ್ಲಾ ಹಾಗೇ ಇತ್ತು. ಆಮೇಲೆ ಅದೇ ನದಿ ಪಕ್ಕದಲ್ಲಿ ಮೂಳೆಗಳು, ಬೂಟಿನೊಳಗೆ ಒಂದು ಪಾದ. ಡಿಎನ್‌ಎ ಇವರದೇ ಅಂತ ಖಾತ್ರಿ ಆಯ್ತು, ಸತ್ತಿದ್ದು ಹೇಗೆ ಅನ್ನೋದು ಮಾತ್ರ ಇವತ್ತಿಗೂ ಖಾತ್ರಿ ಇಲ್ಲ.

ನನ್ನ ಪ್ರಶ್ನೆ ಕ್ಯಾಮೆರಾದ್ದು. 1ನೇ ತಾರೀಖು ಮಧ್ಯಾಹ್ನ ಹಳ್ಳದ ಹತ್ರ ತೆಗೆದಿದ್ದು 508ನೇ ಫೋಟೋ. ಅದಾದ್ಮೇಲೆ ಸೀದಾ 8ನೇ ತಾರೀಖು ರಾತ್ರಿ 1ರಿಂದ 4 ಗಂಟೆ ಒಳಗೆ ಕಗ್ಗತ್ತಲಲ್ಲಿ ಫ್ಲ್ಯಾಶ್ ಹಾಕಿ ತೆಗೆದ ಸುಮಾರು 90 ಫೋಟೋ, ಅದು ಶುರುವಾಗೋದು 510ರಿಂದ. ಮಧ್ಯದ 509 ಕಾರ್ಡಲ್ಲೇ ಇಲ್ಲ, ರಿಕವರಿ ಮಾಡಿದ್ರೂ ಸಿಗ್ಲಿಲ್ಲ ಅಂತಾರೆ. ಯಾರೋ ಕಂಪ್ಯೂಟರಿಗೆ ಹಾಕಿ ಅಳಿಸಿದಾರೆ, ಅದ್ರಲ್ಲಿ ಕೊಲೆಗಾರನ ಮುಖ ಇತ್ತು ಅಂತ ನಂಗೆ ಗ್ಯಾರಂಟಿ ಅನ್ಸ್ತಿದೆ. ತಪ್ಪಿದ್ರೆ ತಿದ್ದಿ.

ಚಿಪ್ಪು_ಕಾರ್ಡು:

ತಪ್ಪು ಅಂತ ಹೇಳಲ್ಲ ಗುರು, ಆದ್ರೆ "ಗ್ಯಾರಂಟಿ" ಅನ್ನೋ ಪದ ಮೊದಲು ತೆಗೀರಿ. ನಂದು ಡೇಟಾ ರಿಕವರಿ ಕೆಲಸ, ಅಳಿಸಿಹೋದ ಮದುವೆ ಫೋಟೋ ತಂದು ಅಳ್ತಾ ಕೂರೋರನ್ನ ದಿನಾ ನೋಡ್ತೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ.

ಕಾರ್ಡಲ್ಲಿ ಒಂದು ಫೋಟೋ ಡಿಲೀಟ್ ಮಾಡಿದ್ರೆ ಫೋಟೋ ಅಳಿಸಿಹೋಗಲ್ಲ. ಪಟ್ಟಿಲಿ ಅದರ ಹೆಸರಿನ ಮೇಲೆ ಒಂದು ಗುರುತು ಬೀಳುತ್ತೆ, "ಈ ಜಾಗ ಖಾಲಿ, ಬೇಕಾದ್ರೆ ಬಳಸ್ಕೊಳ್ಳಿ" ಅನ್ನೋ ಥರ. ಅದ್ರ ಮೇಲೆ ಬೇರೆ ಏನಾದ್ರೂ ಬರೆಯೋವರೆಗೂ ಹಳೇದು ಅಲ್ಲೇ ಇರುತ್ತೆ. ಆದ್ರಿಂದ ಜನ ಏನಂತಾರೆ, ಕ್ಯಾಮೆರಾದಲ್ಲೇ ಡಿಲೀಟ್ ಮಾಡಿದ್ರೆ ಚೂರಾದ್ರೂ ಸಿಗ್ಬೇಕಿತ್ತು, ಸಿಗ್ಲಿಲ್ಲ ಅಂದ್ರೆ ಕಂಪ್ಯೂಟರಲ್ಲಿ ಯಾರೋ ಗೊತ್ತಿರೋನೇ ಅಳಿಸಿದಾನೆ ಅಂತ. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ 509 ಕೊನೇ ಫೋಟೋ ಆಗಿದ್ದು, ಅದನ್ನ ಡಿಲೀಟ್ ಮಾಡಿ, ಆಮೇಲೆ ಅದರ ಮೇಲೆ 90 ಫೋಟೋ ತೆಗೆದ್ರೆ? ಖಾಲಿಯಾದ ಅದೇ ಜಾಗಕ್ಕೆ 510 ಹೋಗಿ ಕೂತ್ಕೊಳ್ಳೋ ಸಾಧ್ಯತೆ ಚೆನ್ನಾಗೇ ಇದೆ, ಪಟ್ಟಿಯಲ್ಲಿನ ಸಾಲೂ ಅದಕ್ಕೇ ಹೋಗಬಹುದು. ಆಗ ಯಾರೂ ಕಂಪ್ಯೂಟರ್ ಮುಟ್ಟದೇನೇ 509 ಗುರುತಿಲ್ಲದಂಗೆ ಹೋಗಿರುತ್ತೆ.

ಇನ್ನೊಂದು, ನಂಬರ್ ಲೆಕ್ಕ ಇಡೋದು ಕ್ಯಾಮೆರಾ. ಕ್ಲಿಕ್ ಒತ್ತಿದ ಮೇಲೆ ಕಾರ್ಡಿಗೆ ಬರೆಯೋಷ್ಟರಲ್ಲಿ ಕ್ಯಾಮೆರಾ ಕೈಜಾರಿ ಬಿದ್ದು ಬ್ಯಾಟರಿ ಕಳಚಿದ್ರೆ, ನೀರು ಬಿದ್ದು ಹ್ಯಾಂಗ್ ಆದ್ರೆ, ನಂಬರ್ ಮುಂದಕ್ಕೆ ಹೋಗಿ ಫೋಟೋ ಮಾತ್ರ ಇರದ ಕೇಸು ನಾನೇ ನೋಡಿದೀನಿ. ಹಾಗೇ ಆಯ್ತು ಅಂತಲ್ಲ. ಒಂದು ನಂಬರ್ ಇಲ್ಲ ಅನ್ನೋದ್ರಿಂದ ಮೂರು ಕಥೆ ಹುಟ್ಟುತ್ತೆ ಅಂದ್ರೆ ಅದನ್ನ ಸಾಕ್ಷಿ ಅನ್ನೋದು ಹೆಂಗೆ.

ಮತ್ತೆ ಕೊಲೆಗಾರನ ಕಡೆಯಿಂದಾನೂ ಯೋಚ್ನೆ ಮಾಡಿ ಸ್ವಲ್ಪ. ಕ್ಯಾಮೆರಾ ಕೈಲಿದೆ, ಪಕ್ಕದಲ್ಲೇ ನದಿ ಇದೆ. ಎಸೆದ್ರೆ ಮುಗೀತು. ಅದನ್ನ ಬಿಟ್ಟು ಒಂದೇ ಒಂದು ಫೋಟೋ ನೀಟಾಗಿ ಅಳಿಸಿ, ದುಡ್ಡೂ ಮುಟ್ಟದೆ ವಾಪಸ್ ಬ್ಯಾಗಲ್ಲಿಟ್ಟು, ಜನ ಓಡಾಡೋ ಕಡೆ ಇಡ್ತಾನಾ?

ಬೆಟ್ಟದಹಾದಿ:

ಮೇಲಿನ ಕೊನೇ ಪ್ಯಾರಾಗೆ ಒಂದು ಸಲಾಂ.

ನಂಗೆ ಕ್ಯಾಮೆರಾಗಿಂತ ಫೋನ್ ಲಾಗ್ ಮುಖ್ಯ ಅನ್ಸುತ್ತೆ, ಅದನ್ನ ಯಾಕೋ ಯಾರೂ ನಿಧಾನಕ್ಕೆ ಕೂತು ಓದಲ್ಲ, ಫೋಟೋ ಥರ ಮೈ ಜುಮ್ ಅನ್ನಿಸಲ್ವಲ್ಲ. 1ನೇ ತಾರೀಖು ಸಂಜೆ 4:39ಕ್ಕೆ ಕ್ರಿಸ್‌ಳ ಐಫೋನಿಂದ 112ಕ್ಕೆ ಮೊದಲ ಕರೆ. ಹನ್ನೆರಡು ನಿಮಿಷ ಬಿಟ್ಟು 4:51ಕ್ಕೆ ಲಿಸಾನ್‌ಳ ಸ್ಯಾಮ್‌ಸಂಗ್‌ನಿಂದ ಇನ್ನೊಂದು. ಅಲ್ಲಿ ಆ ಸಮಯದಲ್ಲಿ ಕತ್ತಲಾಗೋದು ಆರೂವರೆ ಮೇಲೆ. ಅಂದ್ರೆ ಕತ್ತಲಾಯ್ತು ಅಂತ ಹೆದರಿ ಮಾಡಿದ ಕರೆ ಅಲ್ಲ ಇದು, ಬೆಳಕಿರುವಾಗ್ಲೇ ಏನೋ ಆಗಿದೆ. ಬಿದ್ದು ಏಟಾಗಿರಬಹುದು, ಕೆಳಗಿಳಿದು ಮೇಲೆ ಹತ್ತೋಕೆ ಆಗದ ಜಾಗದಲ್ಲಿ ಸಿಕ್ಕಾಕೊಂಡಿರಬಹುದು, ಯಾರಾದ್ರೂ ಹಿಂಬಾಲಿಸಿರಬಹುದು, ಆ ಮೂರನೇದನ್ನೂ ನಾನು ಪೂರ್ತಿ ತಳ್ಳಿಹಾಕಲ್ಲ.

112 ಯಾಕೆ, ಪನಾಮಾದಲ್ಲಿ 911 ಅಲ್ವಾ ಅಂತ ಕೆಲವರು ಅದಕ್ಕೂ ಪಿತೂರಿ ಹುಡುಕ್ತಾರೆ. 112 ಅವರ ದೇಶದ ತುರ್ತು ನಂಬರ್, ಗಾಬರಿಲಿ ಬೆರಳು ಅಭ್ಯಾಸ ಇರೋ ನಂಬರಿಗೇ ಹೋಗುತ್ತೆ. ಆಮೇಲೆ 911ಕ್ಕೂ ಪ್ರಯತ್ನ ಮಾಡಿದಾರೆ. ಟವರೇ ಇಲ್ಲದ ಕಣಿವೆಲಿ ಯಾವ ನಂಬರ್ ಒತ್ತಿದ್ರೂ ಒಂದೇ.

ಮುಂದಿನ ದಿನಗಳದ್ದು ನೋಡಿ. ಫೋನ್ ಆನ್ ಮಾಡ್ತಾರೆ, ಸಿಗ್ನಲ್ ನೋಡ್ತಾರೆ, ಆಫ್ ಮಾಡ್ತಾರೆ. ಸ್ಯಾಮ್‌ಸಂಗ್ 4ನೇ ತಾರೀಖು ಬೆಳಗ್ಗೆ ಸತ್ತೋಯ್ತು, ಐಫೋನ್‌ನ ಮಾತ್ರ ಹೀಗೆ ಉಳಿಸ್ಕೊಂಡು ಉಳಿಸ್ಕೊಂಡು 11ನೇ ತಾರೀಖಿನವರೆಗೂ ಎಳೆದಿದಾರೆ. ಕೊನೇ ಸಲ ಆನ್ ಆಗಿದ್ದು ಅವತ್ತು ಬೆಳಗ್ಗೆ 10:51ಕ್ಕೆ, ಆಫ್ ಆಗಿದ್ದು 11:56ಕ್ಕೆ. ಸಿಗ್ನಲ್ ಇಲ್ಲದ ಕಡೆ ಫೋನ್ ಆನ್ ಇಟ್ರೆ ಟವರ್ ಹುಡುಕಿ ಹುಡುಕಿ ಬೇಗ ಬ್ಯಾಟರಿ ತಿಂದ್ಹಾಕುತ್ತೆ, ಅದು ಗೊತ್ತಿರೋರು ಮಾಡೋ ಕೆಲಸ ಇದು. ಇಷ್ಟು ಶಿಸ್ತು ಬದುಕಬೇಕು ಅನ್ನೋರಿಗೆ ಇರುತ್ತೆ. ಯಾರೋ ಕಿಡ್ನಾಪ್ ಮಾಡಿ ನಾಟಕಕ್ಕೆ ದಿನಾ ಫೋನ್ ಆನ್ ಆಫ್ ಮಾಡ್ತಾ ಕೂತಿದ್ದ ಅನ್ನೋದನ್ನ ನಂಬೋಕೆ ನಂಗೆ ಕಷ್ಟ.

ತಂಗಾಳಿ:

ಎಲ್ಲಾ ಸರಿ, ಪಿನ್ ವಿಷ್ಯ ಮಾತ್ರ ಜಾಣತನದಿಂದ ಬಿಟ್ರಿ ನೀವು 🙂 5-6ನೇ ತಾರೀಖು ಆದ್ಮೇಲೆ ಐಫೋನಿಗೆ ಸರಿಯಾದ ಪಿನ್ ಒಂದು ಸಲಾನೂ ಬಿದ್ದಿಲ್ಲ. ಅಂದ್ರೆ ಫೋನ್ ಕ್ರಿಸ್ ಕೈಲಿ ಇರಲಿಲ್ಲ. ಯಾರ ಕೈಲಿತ್ತು ಹಾಗಾದ್ರೆ? ಕ್ರಿಸ್‌ಳ ಶಾರ್ಟ್ಸ್ ನೀಟಾಗಿ ಮಡಚಿ ಬಂಡೆ ಮೇಲಿಟ್ಟಿದ್ರಂತೆ, ಅದನ್ನ ನದಿ ಮಡಚಿಡುತ್ತಾ? ಬ್ಯಾಗ್ ಸಿಕ್ಕಿದ ಹೆಂಗಸು ಹಿಂದಿನ ದಿನ ಅದು ಅಲ್ಲಿರಲಿಲ್ಲ ಅಂದಿದಾಳೆ. ಮೂಳೇಲೂ ಅಷ್ಟೆ, ಒಬ್ಬಳದು ಬಿಳುಚಿಕೊಂಡಿದೆ, ಇನ್ನೊಬ್ಬಳದ್ರಲ್ಲಿ ಇನ್ನೂ ಚರ್ಮ ಇದೆ. ಒಂದೇ ಜಾಗ, ಒಂದೇ ಹವೆ, ಇಷ್ಟು ವ್ಯತ್ಯಾಸ ಹೆಂಗೆ? ಆ ಊರಲ್ಲಿ ಅವರಿಗೆ ಪರಿಚಯ ಇದ್ದ ಒಬ್ಬನ ಹೆಸರು ಎಲ್ಲಾ ಕಡೆ ಓಡಾಡ್ತಿದೆ, ಗೊತ್ತಲ್ವಾ ಯಾರು ಅಂತ.

ಬೆಟ್ಟದಹಾದಿ:

ಮೊದಲು ಕೊನೇದು. ಹೆಸರು ಬೇಡ ಪ್ಲೀಸ್. ಆ ಮನುಷ್ಯನ ಮೇಲೆ ಯಾವ ಕೋರ್ಟೂ ತಪ್ಪು ಹೊರಿಸಿಲ್ಲ, ನಾವು ಸಾವಿರಾರು ಮೈಲಿ ದೂರ ಕೂತು ಫೋಟೋ ಝೂಮ್ ಮಾಡಿ ಒಬ್ಬನಿಗೆ ಗಲ್ಲು ಹಾಕೋದು ಬೇಡ.

ಪಿನ್ ಬಿಟ್ಟಿದ್ದು ಜಾಣತನ ಅಲ್ಲ, ಬರೆದೂ ಬರೆದೂ ಕೈ ನೋವು. ತಪ್ಪು ಪಿನ್ ಹಾಕಿದ್ರು ಅಂತ ಕೆಲವು ವರದಿ, ಪಿನ್ನೇ ಹಾಕಿಲ್ಲ ಅಂತ ಇನ್ನು ಕೆಲವು, ಎರಡಕ್ಕೂ ಅರ್ಥ ಬೇರೆ ಬೇರೆ. ಲಾಕ್ ತೆಗೀದೇನೂ ತುರ್ತು ಕರೆ ಮಾಡಬಹುದಲ್ವಾ. ಇಲ್ಲಾ, ಆ ಹೊತ್ತಿಗೆ ಕ್ರಿಸ್‌ಗೆ ಮಾತಾಡೋ ಸ್ಥಿತಿನೇ ಇಲ್ಲದೆ ಪಿನ್ ಗೊತ್ತಿಲ್ಲದ ಲಿಸಾನ್ ಒಬ್ಳೇ ಫೋನ್ ಹಿಡ್ಕೊಂಡು ಕೂತಿದ್ಲಾ? ಬರೆಯೋಕೇ ಸಂಕಟ ಆಗುತ್ತೆ, ಆದ್ರೆ ಹೊರಗಿನ ಮೂರನೇ ವ್ಯಕ್ತಿಗಿಂತ ಮೊದಲು ನಂಗೆ ಹೊಳೆಯೋದು ಅದೇ. ಮೂಳೆಗಳ ವ್ಯತ್ಯಾಸಾನೂ ಅದಕ್ಕೆ ಕೂಡಿಬರುತ್ತೆ, ಇಬ್ರೂ ಒಂದೇ ದಿನ ಹೋಗಿಲ್ಲದೆ ಇರಬಹುದು, ಒಬ್ಳು ನೆರಳಲ್ಲಿ, ಒಬ್ಳು ಬಿಸಿಲಲ್ಲಿ ಇದ್ದಿರಬಹುದು.

ಮಡಚಿಟ್ಟ ಶಾರ್ಟ್ಸ್ ಮೊದಮೊದಲ ವರದಿಗಳ ಮಾತು, ಅದು ಹಾಗಿರಲೇ ಇಲ್ಲ ಅಂತ ಆಮೇಲೆ ಬಂತು. ಬ್ಯಾಗ್ ಬಗ್ಗೆ ಹೇಳ್ಬೇಕಂದ್ರೆ, ಅದು ಸಿಕ್ಕಿದ್ದು ಜೂನಲ್ಲಿ, ಮಳೆಗಾಲ. ಒಂದು ರಾತ್ರಿ ಮಳೆಗೆ ಬೆಟ್ಟದ ಹೊಳೆ ಎಷ್ಟು ಏರುತ್ತೆ ಅಂತ ನೋಡಿದೋರಿಗೆ "ನಿನ್ನೆ ಇರಲಿಲ್ಲ, ಇವತ್ತಿದೆ" ಅನ್ನೋದು ಪವಾಡ ಅನ್ನಿಸಲ್ಲ. ಹೊಳೆ ರಾತ್ರೋರಾತ್ರಿ ಮರದ ದಿಮ್ಮಿನೇ ತಂದು ದಂಡೆ ಮೇಲೆ ಹಾಕುತ್ತೆ, ಬ್ಯಾಗ್ ಯಾವ ಲೆಕ್ಕ.

ಚಿಪ್ಪು_ಕಾರ್ಡು:

ಬೂಟಿನೊಳಗಿನ ಪಾದಕ್ಕೂ ಜನ ಕತ್ತರಿಸಿದಾರೆ ಅಂತಾರೆ. ನೀರಲ್ಲಿರೋ ದೇಹದಲ್ಲಿ ಕಾಲಿನ ಗಿಣ್ಣು ತಾನಾಗೇ ಬಿಟ್ಕೊಳ್ಳುತ್ತೆ, ಬೂಟು ಒಳಗಿರೋದನ್ನ ಕಾಪಾಡುತ್ತೆ. ಕೆನಡಾದ ಪಶ್ಚಿಮ ಕರಾವಳಿಲಿ 2007ರಿಂದ ಹೀಗೇ ಶೂ ಒಳಗಿನ ಪಾದಗಳು ದಡಕ್ಕೆ ಬರ್ತಿದ್ವು, ಅಲ್ಲೂ ಸೀರಿಯಲ್ ಕಿಲ್ಲರ್ ಅಂತ ಗುಲ್ಲೆಬ್ಬಿತು, ಅಲ್ಲಿನ ಪರೀಕ್ಷಕರು ಕತ್ತರಿಸಿದ ಗುರುತು ಇಲ್ಲ ಅಂದ್ರು.

ಮೌನಿ:

ಇಷ್ಟು ದಿನ ಬರೀ ಓದ್ತಿದ್ದೆ, ಒಂದು ಸಣ್ಣ ವಿಷ್ಯ ಹೇಳ್ಬೇಕು ಅನ್ನಿಸ್ತು. ರಾತ್ರಿ ಫೋಟೋ ಯಾಕೆ ಅದೇ ಹೊತ್ತಿಗೆ ಅಂತ ಎಲ್ರೂ ಕೇಳ್ತಾರಲ್ಲ. ಆ ತಿಂಗಳು ಹುಣ್ಣಿಮೆ 15ಕ್ಕೆ, ಅವತ್ತು ಚಂದ್ರಗ್ರಹಣಾನೂ ಆಗಿತ್ತು. ಹಾಗಾದ್ರೆ 7ನೇ ತಾರೀಖು ರಾತ್ರಿ (ಫೋಟೋ ತೆಗೆದ 8ರ ಬೆಳಗಿನ ಜಾವದ ಹಿಂದಿನ ರಾತ್ರಿ) ಇದ್ದಿದ್ದು ಅಷ್ಟಮಿ ಆಸುಪಾಸಿನ ಅರ್ಧ ಚಂದ್ರ, ಅದು ಮುಳುಗೋದು ಮಧ್ಯರಾತ್ರಿ ಕಳೆದು ಒಂದು ಗಂಟೆ ಹೊತ್ತಿಗೆ. ಕಣಿವೇಲಿ ಇದ್ರೆ ಇನ್ನೂ ಬೇಗ ಮರೆಯಾಗುತ್ತೆ. ಫೋಟೋ ಶುರುವಾಗಿದ್ದೂ ಒಂದು ಗಂಟೆ ಮೇಲೆ. ಇದ್ದ ಬೆಳಕೂ ಹೋದ್ಮೇಲೆ ಫ್ಲ್ಯಾಶ್ ಹೊಡೆಯೋಕೆ ಶುರು ಮಾಡಿದ್ರಾ ಅಂತ. ಬರೀ ಕಾಕತಾಳೀಯ ಇರಬಹುದು, ಮೋಡ ಇದ್ರೆ ಈ ಲೆಕ್ಕಾನೇ ಬಿತ್ತು.

ನಿದ್ದೆಗೆಟ್ಟವ:

ಅಬ್ಬಾ ಮೌನಿ ಅವರೇ, ಇದನ್ನ ಎಲ್ಲೂ ಓದಿರಲಿಲ್ಲ. ಕೈಲಿ ಇದ್ದ ಬೆಳಕು ಅದೊಂದೇ ಅಲ್ವಾ ಆಗ. ಒಂದು ಫೋಟೋಲಿ ಬಂಡೆ ಮೇಲೆ ಕಡ್ಡಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸಿ ಇಟ್ಟಿದಾರೆ, ಗುರುತು ಮಾಡೋಕೋ ಏನೋ. ಇನ್ನೊಂದ್ರಲ್ಲಿ ಕ್ರಿಸ್‌ಳ ತಲೆಯ ಹಿಂಭಾಗ ಮಾತ್ರ. ಅದನ್ನ ಯಾಕೆ ತೆಗೆದ್ರು ಅಂತ ನಾನು ಮಾತ್ರ ಕೇಳಲ್ಲ ಇನ್ಮೇಲೆ.

ಸರಿ, 509 ಬಗ್ಗೆ ನನ್ನ "ಗ್ಯಾರಂಟಿ" ವಾಪಸ್ ತಗೊಂಡೆ. ಪೂರ್ತಿ ಆಕ್ಸಿಡೆಂಟ್ ಅಂತಾನೂ ಒಪ್ಪಿಲ್ಲ ಆದ್ರೆ. ನನ್ನ ತಲೆಕೆಡಿಸ್ತಿರೋದು ಈಗ 508ರಿಂದ 4:39ರ ಮಧ್ಯದ ಎರಡೂವರೆ ಗಂಟೆಗೂ ಮೇಲಿನ ಆ ಹೊತ್ತು. ಮೇಲಿನ ವ್ಯೂಪಾಯಿಂಟ್ ತಲುಪಿ ಫೋಟೋ ತೆಗೆಸ್ಕೊಂಡ್ರು, ನಗ್ತಾ ಇದಾರೆ, ಅಲ್ಲಿಂದ ಬಂದ ದಾರಿಲೇ ವಾಪಸ್ ಇಳಿಯೋದು ಬಿಟ್ಟು ಆಚೆ ಕಡೆ ಯಾಕಿಳಿದ್ರು?

ಬೆಟ್ಟದಹಾದಿ:

ದಾರಿ ಸುತ್ತಿ ಬಳಸಿ ಬೊಕೆಟೆಗೇ ಬರುತ್ತೆ ಅಂತ ಅಂದ್ಕೊಂಡಿರಬೇಕು. ಬರಲ್ಲ ಅದು. ಬೆಟ್ಟದ ನೆತ್ತಿ ದಾಟಿದ್ರೆ ನೀರೂ ಆಚೆ ಕಡೆ ಹರಿಯುತ್ತೆ, ಕೆರಿಬಿಯನ್ ಕಡೆಗೆ, ದಾರಿಯೂ ಅತ್ಲಾಗೇ. 508ರ ಹಳ್ಳದ ಹತ್ರ ಇದ್ದಾಗ್ಲೂ ಅವರು ಊರಿಂದ ದೂರ ಹೋಗ್ತಾನೇ ಇದ್ರು, ಇಳಿಜಾರು ಬೇರೆ, ಇಳಿಯುವಾಗ ಎಷ್ಟು ದೂರ ಬಂದ್ವಿ ಅಂತ ಕಾಲಿಗೆ ಗೊತ್ತಾಗಲ್ಲ.

ತಂಗಾಳಿ:

ನಾನಿನ್ನೂ ಒಪ್ಪಿಲ್ಲ. ಆದ್ರೆ ಹೆಸರಿನ ಸುಳಿವು ಕೊಟ್ಟಿದ್ದ ಆ ಸಾಲು ತೆಗೆಯೋಣ ಅಂತ ಹೋದೆ, ಎಡಿಟ್ ಬಟನ್ನೇ ಕಾಣ್ತಿಲ್ಲ. ಚಂದ್ರನ ಲೆಕ್ಕ ಇವತ್ತು ರಾತ್ರಿ ಕೂತು ನೋಡ್ತೀನಿ.