ಸಹಾಯ ಬೇಕು: ನಾವು ಇಡದ ಪಾಸ್‌ವರ್ಡನ್ನು ಕಂಪ್ಯೂಟರ್ ಕೇಳುತ್ತಿದೆ

ನಮಸ್ಕಾರ. ನಿನ್ನೆವರೆಗೂ ಚೆನ್ನಾಗಿದ್ದ ಮನೆಯ ಡೆಸ್ಕ್‌ಟಾಪ್ ಇವತ್ತು ಆನ್ ಮಾಡಿದ ಕೂಡಲೇ ಪಾಸ್‌ವರ್ಡ್ ಕೇಳುತ್ತಿದೆ. ವಿಂಡೋಸ್ ಲಾಗಿನ್ ಅಲ್ಲ. ಅದರ ಲೋಗೋ ಬರುವ ಮೊದಲೇ, ಕಪ್ಪು ಪರದೆಯ ಮೇಲೆ ಪುಟ್ಟದೊಂದು ಚೌಕ. ಬಯೋಸ್ (ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಇರುವ ಸಾಫ್ಟ್‌ವೇರ್) ಪಾಸ್‌ವರ್ಡ್ ಇರಬೇಕು. ಮನೆಯಲ್ಲಿ ಯಾರೂ ಇಟ್ಟಿಲ್ಲ ಅಂತಾರೆ. (ಮಗನ ಮೇಲೆ ಸಣ್ಣ ಅನುಮಾನ ಇದೆ, ಮೊನ್ನೆ ಅಲ್ಲೇ ಏನೋ ಕೆದಕುತ್ತಿದ್ದ.) ಮೂರು ಸಲ ತಪ್ಪು ಹೊಡೆದ ಮೇಲೆ ಅಲ್ಲೇ ನಿಂತುಬಿಟ್ಟಿತು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದೆ.

ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ (ನಾಣ್ಯದಂಥ ಪುಟ್ಟ ಬ್ಯಾಟರಿ) ತೆಗೆದಿಟ್ಟರೆ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಈ ಪಾಸ್‌ವರ್ಡ್ ಅಳಿಸಿಹೋಗುತ್ತದೆ ಅಂತ ಗೊತ್ತು. ಎಷ್ಟು ಹೊತ್ತು ತೆಗೆದಿಡಬೇಕು? ಪಾಸ್‌ವರ್ಡ್ ಅಳಿಸುವ ಜಂಪರ್ (ಮದರ್‌ಬೋರ್ಡಿನ ಪಿನ್‌ಗಳನ್ನು ಜೋಡಿಸುವ ಪುಟ್ಟ ಕ್ಯಾಪ್) ಗುರುತಿಸುವುದು ಹೇಗೆ? ಡಿಸ್ಕಿನಲ್ಲಿರುವ ಫೋಟೋಗಳಿಗೆ ಏನೂ ಆಗಲ್ಲ ಅಲ್ವಾ? ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯೋ ಇಲ್ಲವೋ ನೆನಪಿಲ್ಲ, ಆಮೇಲೆ ಅದನ್ನು ತೆರೆಯುವ ರಿಕವರಿ ಕೀ ಕೇಳಿದರೆ ಅನ್ನೋದೇ ಭಯ. ಮಾಡಿ ನೋಡಿದವರು ದಯವಿಟ್ಟು ತಿಳಿಸಿ.