ಒರೆಸು, ತಿಕ್ಕು, ಉಜ್ಜು, ಕೆರೆ: ಫೈಬರ್ ದೋಣಿಗೆ ಯಾವುದು ಎಲ್ಲಿ?

ಎಲ್ಲರಿಗೂ ನಮಸ್ಕಾರ.

ಶ್ರೀರಂಗಪಟ್ಟಣದ ಕಡೆ ಪರಿಚಯದವರೊಬ್ಬರ ಹಳೇ ಫೈಬರ್ ದೋಣಿಗೆ ಮತ್ತೆ ಬಣ್ಣ ಹೊಡೆಯಬೇಕಿದೆ. ಕೆಲಸದ ಹುಡುಗರಿಗೆ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆದುಕೊಡಿ ಎಂದಿದ್ದಾರೆ. ತೊಡಕಿರುವುದು ‘ಉಜ್ಜು’ ಅನ್ನುವ ಮಾತಿನಲ್ಲಿ. ನಮ್ಮ ಮಂಡ್ಯ, ಮೈಸೂರಿನಲ್ಲಿ ಹಲ್ಲೂ ಉಜ್ಜುತ್ತೇವೆ, ಪಾತ್ರೆಯೂ ಉಜ್ಜುತ್ತೇವೆ. ಬಾಗಿಲಿಗೆ ಸ್ಯಾಂಡ್ ಪೇಪರ್ ಹಾಕುವುದೂ ಉಜ್ಜುವುದೇ, ತಿನ್ನರ್ ಬಟ್ಟೆಯಲ್ಲಿ ಜಿಡ್ಡು ತೆಗೆಯುವುದೂ ಉಜ್ಜುವುದೇ.

ದೋಣಿಯಲ್ಲಿ ಇದು ನಡೆಯಲ್ಲ. ಫೈಬರಿನ ಹೊರಮೈಗೆ ಜೆಲ್‌ಕೋಟ್ ಎನ್ನುತ್ತಾರೆ, ಅರ್ಧ ಮಿಲಿಮೀಟರ್ ಆಸುಪಾಸಿನ ತೆಳು ಪದರ. ಹಿಂದೆ ಹಾಕಿದ ಪಾಲಿಶಿನ ಮೇಣ ಅದರ ಮೇಲೆ ಕೂತಿರುತ್ತದೆ. ಮೊದಲು ಸೋಪುನೀರಿನಲ್ಲಿ ತೊಳೆದು, ಮೇಣ ತೆಗೆದು, ಆಮೇಲೆ ಪೇಪರ್ ಹಿಡಿಯಬೇಕು. ಹಿಂದುಮುಂದಾದರೆ ಪೇಪರಿನ ಗೀರುಗಳೊಳಗೆ ಮೇಣ ಸೇರಿಕೊಂಡು ಬಣ್ಣ ಕಚ್ಚುವುದೇ ಇಲ್ಲ. ಮೇಣ ತೆಗೆಯುವುದಕ್ಕೂ ಎರಡು ಬಟ್ಟೆ ಬೇಕು. ಒಂದರಲ್ಲಿ ಮೇಣ ಕರಗಿಸುವ ಸಾಲ್ವೆಂಟ್ ಹಚ್ಚಿ, ಅದು ಆರುವ ಮುಂಚೆ ಇನ್ನೊಂದರಲ್ಲಿ ಎತ್ತಿಬಿಡಬೇಕು. ಒಂದೇ ಬಟ್ಟೆಯಾದರೆ ಮೇಣ ಅಲ್ಲಿಂದ ಇಲ್ಲಿಗೆ ಬಳಿದಂತೆ ಆಗುತ್ತದೆ ಅಷ್ಟೆ. ನೀರು ಚಿಮುಕಿಸಿ ನೋಡಿದರೆ ಗೊತ್ತಾಗುತ್ತದೆ: ಹನಿಹನಿಯಾಗಿ ನಿಂತರೆ ಮೇಣ ಇನ್ನೂ ಇದೆ, ಹರಡಿಕೊಂಡರೆ ಹೋಗಿದೆ.

ಹಾಗಾಗಿ ಹೀಗೆ ಬರೆಯೋಣ ಅಂತಿದ್ದೇನೆ. ಬಟ್ಟೆಗೆ ‘ಒರೆಸು’, ಸೋಪು ಬ್ರಶ್ಶಿಗೆ ‘ತಿಕ್ಕು’, ಪೇಪರಿಗೆ ಮಾತ್ರ ‘ಉಜ್ಜು’, ಎದ್ದ ಬಣ್ಣವನ್ನು ತಗಡಿನಲ್ಲಿ ತೆಗೆಯುವುದಕ್ಕೆ ‘ಕೆರೆ’. ‘ಹೆರೆ’ ಇಲ್ಲಿ ಇನ್ನೂ ಚೆನ್ನಾಗಿ ಕೂರುತ್ತದಾ?

‘ಉಜ್ಜಿ ನುಣ್ಣಗೆ ಮಾಡಿ’ ಅಂತಲೂ ಬರೆಯುವ ಹಾಗಿಲ್ಲ. ಪೇಪರ್ ಹಾಕುವುದೇ ಹೊಳಪು ಕೊಂದು ಮೈ ಒರಟು ಮಾಡೋಕೆ. ಹುಡುಗರು ಕನ್ನಡಿ ಥರ ಮಾಡಿಟ್ಟರೆ ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್‌ಗೆ ಹಿಡಿತ ಎಲ್ಲಿ? ಚಟ್ನಿಗೆ ಹೇಳುವ ‘ತರಿತರಿ’ಯನ್ನೇ ಇಲ್ಲಿಗೂ ತರಬಹುದು ಅನ್ನಿಸುತ್ತಿದೆ. ಆದರೆ 80ನೇ ನಂಬರಿನ ಒರಟಿಗೂ 220ರ ಒರಟಿಗೂ ಅದೊಂದೇ ಸಾಲುತ್ತಾ ಗೊತ್ತಿಲ್ಲ. ನಂಬರ್ ಏರಿದಷ್ಟೂ ಪೇಪರ್ ನಯ ಅನ್ನುವುದನ್ನಂತೂ ಬಿಡಿಸಿ ಬರೆಯುತ್ತೇನೆ.

ಬಿಸಿಲಿಗೆ ಸವೆದ ಮೈ ಕೈಗೆ ಬೆಳ್ಳಗೆ ಅಂಟುವುದಕ್ಕೆ ‘ಪುಡಿ ಬಿಡುವುದು’ ಸಾಕು, ಅದರಲ್ಲಿ ಚರ್ಚೆ ಬೇಡ.

ಗುಳ್ಳೆ ಮಾತ್ರ ಕಷ್ಟ. ಬಣ್ಣದ ಪದರ ಮಾತ್ರ ಉಬ್ಬಿದ್ದರೆ ಕೆರೆದು ಮುಂದೆ ಹೋಗಬಹುದು. ಜೆಲ್‌ಕೋಟಿನ ಕೆಳಗೇ ನೀರು ಸೇರಿ ಎದ್ದ ಗುಳ್ಳೆ ಬೇರೆ ಜಾತಿ. ಒಡೆದರೆ ಒಳಗಿನ ನೀರು ವಿನೆಗರ್ ಥರ ಹುಳಿ ನಾತ ಬರುತ್ತದೆ. ಅದನ್ನು ಬಿಡಿಸಿ, ಬರೀ ನೀರಿನಲ್ಲಿ ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ತುಂಬಬೇಕು. ಕಾರಿಗೆ ಮೆತ್ತುವ ಪಾಲಿಯೆಸ್ಟರ್ ಪುಟ್ಟಿ ನೀರು ಹೀರುತ್ತದೆ, ನೀರಿನೊಳಗೆ ಮುಳುಗುವ ಭಾಗಕ್ಕೆ ಬೇಡ. ಎರಡಕ್ಕೂ ‘ಗುಳ್ಳೆ’ ಅಂದರೆ ಹುಡುಗರು ಎರಡನ್ನೂ ಕೆರೆದು ಬಣ್ಣ ಹೊಡೆದುಬಿಡುತ್ತಾರೆ. ಮೊದಲನೆಯದಕ್ಕೆ ‘ಬಣ್ಣ ಉಬ್ಬಿದೆ’, ಎರಡನೆಯದಕ್ಕೆ ‘ನೀರುಗುಳ್ಳೆ’ ಸರಿಹೋಗುತ್ತದೆಯೇ? ‘ಬೊಬ್ಬೆ’ಯೂ ಇದೆ, ಆದರೆ ದೋಣಿ ಬೊಬ್ಬೆ ಹಾಕಿದೆ ಅಂತ ಓದಿ ನಗುತ್ತಾರೆ, ಅಲ್ವಾ?

ಕೊನೆಗೆ ತಲೆಬರಹ. ‘ಮೇಲ್ಮೈ ಸಿದ್ಧತೆ’ ಕಚೇರಿ ಸುತ್ತೋಲೆಯಂತಿದೆ. ಗದ್ದೆ ಹದ ಮಾಡುವ ಜನ ನಾವು, ‘ಮೈ ಹದ ಮಾಡುವುದು’ ಅಂದರೆ ಒಪ್ಪುತ್ತೀರಾ? ತಲಕಾಡಿನ ಕಡೆ ಹರಿಗೋಲಿಗೆ ಟಾರು ಬಳಿಯುವವರು ಅದಕ್ಕೆ ಮುಂಚಿನ ಕೆಲಸಕ್ಕೆ ಏನೆನ್ನುತ್ತಾರೆ? ಕೇಳಿ ಬಲ್ಲವರು ಬರೆಯಿರಿ.